ದರಗು ತರುವವರ ಜ್ವರ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮಂಗನ ಕಾಯಿಲೆ ಯಾರಿಗೆ ಬರುತ್ತದೆ ಎಂದು ತಿಳಿಯಬೇಕಾದರೆ ಮನೆಗೆ ದರಗು, ಅಂದರೆ ಕಾಡಿನಲ್ಲಿ ಉದುರಿದ ಒಣ ಎಲೆ, ಹೊತ್ತು ತರುವವರು ಯಾರು ಎಂದು ಕೇಳಿದರೆ ಸಾಕು. ಕೊಟ್ಟಿಗೆಗೆ ಹಾಸಲು ದರಗು, ಹಂಡೆ ಒಲೆಗೆ ಪುಳ್ಳೆ, ದನಕ್ಕೆ ಮೇವು, ಮೂರಕ್ಕೂ ಕಾಡಂಚೇ ಗತಿ.

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ಕಾಯಿಲೆಯ ವೈರಸ್ ಮೊದಲು ಪತ್ತೆಯಾಯಿತು. ಹೆಸರು ಮಂಗನದಾದರೂ ಮನುಷ್ಯರಿಗೆ ಅದನ್ನು ದಾಟಿಸುವುದು ರಕ್ತ ಹೀರುವ ಪುಟ್ಟ ಜೀವಿ ಉಣುಗು (ಉಣ್ಣೆ), ಅದರಲ್ಲೂ ಗಸಗಸೆ ಕಾಳಿನಷ್ಟಿರುವ ಮರಿ ಉಣುಗು. ದರಗಿನ ನಡುವೆ ಅದು ಕಣ್ಣಿಗೇ ಬೀಳುವುದಿಲ್ಲ. ಮಳೆ ನಿಂತು ನೆಲ ಒಣಗಿದ ಮೇಲೆ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ ಅದರ ಹಾವಳಿ. ಕಾಫಿ ಕೊಯ್ಲೂ ದರಗು ಗುಡಿಸುವುದೂ ಇದೇ ತಿಂಗಳುಗಳಲ್ಲಿ. ದನಗಳಿಗೆ ಈ ಕಾಯಿಲೆ ಬರುವುದಿಲ್ಲ, ಆದರೆ ದೊಡ್ಡ ಉಣುಗುಗಳು ಅವುಗಳ ರಕ್ತ ಕುಡಿದೇ ಹೆಚ್ಚುತ್ತವೆ.

ಕಚ್ಚಿದ 3ರಿಂದ 8 ದಿನಗಳಲ್ಲಿ ಒಮ್ಮೆಲೇ ಜ್ವರ, ಹಣೆ ಸಿಡಿಯುವಂಥ ತಲೆನೋವು, ಸೊಂಟ ಮತ್ತು ಮೀನಖಂಡದಲ್ಲಿ ವಿಪರೀತ ನೋವು, ವಾಂತಿ. ಕೆಲವರಿಗೆ ಮೂಗು, ಒಸಡಿನಿಂದ ರಕ್ತ ಬರುತ್ತದೆ. ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ನೀರಿನಂಶ ಕಾಪಾಡುತ್ತಾ, ರಕ್ತಸ್ರಾವದ ಮೇಲೆ ಕಣ್ಣಿಟ್ಟು ನೋಡಿಕೊಳ್ಳುವುದೇ ಚಿಕಿತ್ಸೆ. ಹಾಗಾಗಿ ಎಷ್ಟು ಬೇಗ ಆಸ್ಪತ್ರೆ ಸೇರಿದರು ಎಂಬುದು ಬಹಳ ಮುಖ್ಯ. ದಿನಗೂಲಿಯವರು ಎಡವುವುದು ಇಲ್ಲೇ. ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ. ಅಂಗಡಿಯ ನೋವಿನ ಮಾತ್ರೆ ನುಂಗಿ ಕೊಯ್ಲಿಗೆ ಇಳಿಯುತ್ತಾರೆ. ಆ ಮಾತ್ರೆ ಆಸ್ಪಿರಿನ್ ಅಥವಾ ಐಬುಪ್ರೊಫೆನ್ ಆಗಿದ್ದರೆ ರಕ್ತಸ್ರಾವ ಹೆಚ್ಚುವ ಅಪಾಯವಿದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಅದೂ ವೈದ್ಯರು ಹೇಳಿದಷ್ಟು. ಜ್ವರ ಬಿಟ್ಟು ಒಂದೆರಡು ವಾರಕ್ಕೆ ಕೆಲವರಿಗೆ ಮತ್ತೆ ಮರುಕಳಿಸುತ್ತದೆ. ಆಗ ಕೈ ನಡುಕ, ಮಾತು ತಡವರಿಕೆ, ಮಂಕು. ‘ವಾಸಿಯಾಯಿತು’ ಎಂದು ಕೆಲಸಕ್ಕೆ ಹೋದವರು ತೋಟದ ಕೂಲಿಕಾರರ ಸಾಲುಮನೆಯಲ್ಲಿ (ಲೈನ್) ಒಬ್ಬರೇ ಇದ್ದರೆ ಇದನ್ನು ಗಮನಿಸುವವರು ಯಾರು?

ಇನ್ನೊಂದು ತೊಡಕು ಭಯದ್ದು. ಕಾಯಿಲೆ ಅಂಟುತ್ತದೆಂದು ಅಕ್ಕಪಕ್ಕದವರು ದೂರ ಸರಿದರೆ ಮನೆಯವರು ಜ್ವರವನ್ನೇ ಮುಚ್ಚಿಡುತ್ತಾರೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ರೋಗಿಗೆ ಗಂಜಿ ಕೊಡಲು, ಜೊತೆಗೆ ಆಸ್ಪತ್ರೆಗೆ ಹೋಗಲು ಯಾರೂ ಹಿಂಜರಿಯಬೇಕಾಗಿಲ್ಲ.

ಕಾಡಿಗೆ ಹೋಗಬೇಡಿ ಎಂದು ಡಂಗುರ ಸಾರಿ ಉಪಯೋಗವಿಲ್ಲ. ಹಂಡೆ ಒಲೆ ಉರಿಯಲೇಬೇಕು. ಹೋಗುವ ಮುನ್ನ ಆರೋಗ್ಯ ಇಲಾಖೆ ಕೊಡುವ, ಉಣುಗನ್ನು ದೂರವಿಡುವ ಡೆಪಾ ತೈಲವನ್ನು ಕೈಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಬೇಕು. ಬೆವರಿನಲ್ಲಿ ಅದು ಇಳಿದುಹೋಗುವುದರಿಂದ ಬೆಳಿಗ್ಗೆ ಒಮ್ಮೆ ಹಚ್ಚಿ ಸಂಜೆವರೆಗೆ ನಂಬುವಂತಿಲ್ಲ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಬೇಕು. ಬಂದ ಕೂಡಲೇ ಬಟ್ಟೆಯನ್ನು ಒಳಗೆ ತರದೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ಮಂಡಿಯ ಹಿಂಭಾಗ, ಕಿವಿಯ ಹಿಂದೆ ತಡವಿ ನೋಡಬೇಕು. ಉಣುಗು ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಬೇಕು. ಬೆರಳಲ್ಲಿ ಹಿಸುಕುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ.

ತೋಟದ ಬದಿ ಮಂಗವೋ ಮುಸಿಯವೋ (ಕಪ್ಪು ಮುಖದ ಉದ್ದ ಬಾಲದ ಮಂಗ) ಸತ್ತು ಬಿದ್ದಿದ್ದರೆ ಆ ಜಾಗವೇ ಅಪಾಯದ್ದು. ಹೆಣ ತಣ್ಣಗಾಗುತ್ತಿದ್ದಂತೆ ಉಣುಗುಗಳು ಇಳಿದು ಸುತ್ತ ಹರಡುತ್ತವೆ. ಮುಟ್ಟದೆ ಪಂಚಾಯಿತಿಗೋ ಆರೋಗ್ಯ ಕೇಂದ್ರಕ್ಕೋ ಹೇಳಿದರೆ ಸುತ್ತ 50 ಅಡಿ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಉದುರಿಸುತ್ತಾರೆ. ಮೊದಲು ನೋಡುವವರು ಸೊಪ್ಪಿಗೆ ಹೋದವರೇ. ಅವರಿಗೆ ಯಾರಿಗೆ ಹೇಳಬೇಕೆಂದೇ ತಿಳಿದಿರದಿದ್ದರೆ ಪುಡಿ ಗೋದಾಮಿನಲ್ಲೇ ಉಳಿಯುತ್ತದೆ.

ಹಗಲು ಹತ್ತು ಗಂಟೆಗೆ ಆಶಾ ಕಾರ್ಯಕರ್ತೆ ಲೈನಿಗೆ ಬಂದರೆ ಬಾಗಿಲುಗಳಿಗೆ ಬೀಗ. ಎಲ್ಲರೂ ಒಂದೇ ಕಡೆ ಸೇರುವುದು ಕೂಲಿ ಬಟವಾಡೆಯ ಸಂಜೆ. ತೈಲದ ಬಾಟಲಿ ಹಂಚಲು, ಜ್ವರ ಯಾರಿಗಿದೆ ಎಂದು ಕೇಳಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಅಸ್ಸಾಮಿನಿಂದ ಬಂದವರಿಗೆ ಕನ್ನಡದ ಕರಪತ್ರ ಕೊಟ್ಟರೆ ಅವರು ಓದಲಾರರು. ಅವರ ಗುಂಪಿನ ಮೇಸ್ತ್ರಿಗೇ ಚಿಮಟ ಕೊಟ್ಟು, ಉಣುಗು ತೆಗೆಯುವುದನ್ನು ಒಮ್ಮೆ ಮಾಡಿ ತೋರಿಸಬೇಕು.