ಸ್ಪ್ಯಾನಿಷ್ ಕ್ರಿಯಾಪದ ಕಲಿಯಲು ಕನ್ನಡದ ದಾರಿಯೇ ಹತ್ತಿರ

ಹುಬ್ಬಳ್ಳಿಯಲ್ಲಿ ಸ್ಪ್ಯಾನಿಷ್ ಕಲಿಸುತ್ತೇನೆ. ಹೊಸಬರ ನೋಟ್‌ಬುಕ್ ತೆಗೆದರೆ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ತಪ್ಪು. ಗದಗಿನಿಂದ ರೈಲಿನಲ್ಲಿ ಬರುವ ಹುಡುಗಿಯೊಬ್ಬಳು 'ಗಿರ್ಮಿಟ್ ತಿನ್ನುತ್ತೇನೆ' ಅನ್ನೋದಕ್ಕೆ 'ಯೊ ಸೊಯ್ ಕೊಮೆರ್ ಗಿರ್ಮಿಟ್' ಅಂತ ಬರೆದಿದ್ದಳು. ಇಂಗ್ಲಿಷಿನ 'ಐ ಆಮ್ ಈಟಿಂಗ್' ತಲೆಯಲ್ಲಿ ಕೂತಿತ್ತು, ಅದರ ಒಂದೊಂದೇ ಪದ ಕಿತ್ತು ಸ್ಪ್ಯಾನಿಷ್ ಪದ ಇಟ್ಟಿದ್ದಳು. ಬೇಕಾಗಿದ್ದದ್ದು ಎರಡೇ ಪದ: 'ಕೊಮೊ ಗಿರ್ಮಿಟ್'.

ಇಂಗ್ಲಿಷ್ ಬಿಡವಾ, ಕನ್ನಡದಲ್ಲಿ ಹೇಳು ಅಂದೆ. 'ತಿನ್ನುತ್ತೇನೆ' ಅಂದಳು. ಇದರಲ್ಲಿ 'ನಾನು' ಎಲ್ಲಿ? ಕೊನೆಯ 'ಏನೆ'ಯಲ್ಲೇ ಇದೆ ಅಲ್ವಾ? ಸ್ಪ್ಯಾನಿಷ್ ಕೂಡ ಹಾಗೇ. ಕೊಮೊ ಅಂದರೆ ತಿನ್ನುತ್ತೇನೆ, ಕೊಮೆಸ್ ತಿನ್ನುತ್ತೀಯ, ಕೊಮೆಮೊಸ್ ತಿನ್ನುತ್ತೇವೆ, ಕೊಮೆನ್ ತಿನ್ನುತ್ತಾರೆ. ಮಾತಾಡು ಅನ್ನೋ 'ಅಬ್ಲಾರ್' ಆದರೆ 'ಎ' ಇದ್ದಲ್ಲಿ 'ಅ' ಬರುತ್ತದೆ: ಆಬ್ಲೊ, ಆಬ್ಲಸ್, ಅಬ್ಲಾಮೊಸ್. ಒತ್ತಿ ಹೇಳಬೇಕಾದಾಗ ಮಾತ್ರ 'ಯೊ' ಸೇರಿಸಿ, ನಾವು 'ನಾನು' ಸೇರಿಸುವ ಹಾಗೆ.

ಕಾಲದ ವಿಷಯದಲ್ಲೂ ನಮಗೆ ಅನುಕೂಲ. 'ನಾಳೆ ಹೋಗುತ್ತೇನೆ' ಅನ್ನಲು ವರ್ತಮಾನದ 'ಬೊಯ್' ಸಾಕು. 'ಹತ್ತು ವರ್ಷದಿಂದ ಇಲ್ಲೇ ಇದ್ದೇನೆ' ಅನ್ನಲು ವರ್ತಮಾನದ 'ಬೀಬೊ' (ವಾಸಿಸುತ್ತೇನೆ) ಸಾಕು, ಇಂಗ್ಲಿಷಿನ 'ಹ್ಯಾವ್ ಬೀನ್' ಹುಡುಕುತ್ತಾ ಕೂರಬೇಡಿ.

ನಮ್ಮವರು ಎಡವುವುದು ಮರ್ಯಾದೆಯಲ್ಲಿ. ಹಿರಿಯರಿಗೆ 'ತಿನ್ನುತ್ತೀರಿ' ಅನ್ನೋದು ನಮಗೆ ರೂಢಿ. ಸ್ಪ್ಯಾನಿಷಿನಲ್ಲಿ ಗೌರವದ 'ಉಸ್ತೆದ್' ಜೊತೆಗೆ ಬರೋದು 'ಕೊಮೆ'. ಅವನು ತಿನ್ನುತ್ತಾನೆ, ಅವಳು ತಿನ್ನುತ್ತಾಳೆ, ಅದು ತಿನ್ನುತ್ತದೆ, ಇವಕ್ಕೂ ಅದೇ 'ಕೊಮೆ'. ಯಾರ ಮಾತು ಅಂತ ಗೊಂದಲ ಆಗುವಂತಿದ್ದರೆ ಹೆಸರು ಹೇಳಿಬಿಡಿ.

ಇನ್ನು ಎಲ್ಲರೂ ಹೆದರುವ ಜಾಗ. 'ಪೊದೆರ್', ಅಂದರೆ ಸಾಧ್ಯವಾಗು. ನನ್ನಿಂದಾಗುತ್ತದೆ ಅನ್ನೋದು 'ಪೊದೊ' ಅಲ್ಲ, 'ಪುಎದೊ'. ಆದರೆ ನಮ್ಮಿಂದಾಗುತ್ತದೆ ಅನ್ನುವಾಗ ಮತ್ತೆ 'ಪೊದೆಮೊಸ್'. ಸುಮ್ನೆ ಬಾಯಿಪಾಠ ಮಾಡಿದರೆ ಮರೆತುಹೋಗುತ್ತದೆ. ನಾನು ಟೇಬಲ್ ತಟ್ಟಿಸುತ್ತೇನೆ. ಮಾತಿನ ಒತ್ತು ಎಲ್ಲಿ ಬೀಳುತ್ತದೋ ಅಲ್ಲಿ ಒಂದು ಏಟು. 'ಪುಎ'-ದೊ, ಏಟು ಧಾತುವಿನ ಮೇಲೆ, ಅದಕ್ಕೇ 'ಒ' ಒಡೆದು 'ಉಎ' ಆಯಿತು. ಪೊ-'ದೆ'-ಮೊಸ್, ಏಟು ಮುಂದಕ್ಕೆ ಸರಿಯಿತು, 'ಒ' ಹಾಗೇ ಉಳಿಯಿತು. ನಾಲ್ಕು ಸಲ ತಟ್ಟಿದ ಮೇಲೆ ಗದಗಿನ ಹುಡುಗಿ 'ಕೆರೆರ್' (ಬಯಸು) ಅನ್ನೋದರಿಂದ 'ಕಿಎರೊ', 'ಕೆರೆಮೊಸ್' ಎರಡನ್ನೂ ತಾನೇ ಹೇಳಿದಳು. ನನಗಂತೂ ಅವತ್ತು ಬಹಳ ಖುಷಿಯಾಯಿತು.

ಎಲ್ಲ ಪದಗಳೂ ಹೀಗೆ ಒಡೆಯುವುದಿಲ್ಲ. 'ಕೊಮೆರ್' ಒಡೆಯುವುದಿಲ್ಲ, 'ಪೊದೆರ್' ಒಡೆಯುತ್ತದೆ, ಮೂಲರೂಪ ನೋಡಿದರೆ ಇದು ಗೊತ್ತಾಗೋದಿಲ್ಲ. ಹಾಗಾಗಿ ಹೊಸ ಕ್ರಿಯಾಪದ ಬರೆದುಕೊಳ್ಳುವಾಗಲೇ ಪಕ್ಕದಲ್ಲಿ 'ನಾನು' ರೂಪವನ್ನೂ ಬರೆಯಿರಿ: ಪೊದೆರ್, ಪುಎದೊ. ಬೇರೆ ರೀತಿ ಬದಲಾಗುವ ಪದಗಳಿಗೂ ಹೀಗೇ ಮಾಡಿ: ತೆನೆರ್ (ಹೊಂದಿರು), ತೆಂಗೊ. ಅಸೆರ್ (ಮಾಡು), ಆಗೊ.