ಹಣ್ಣೆಲೆಗೆ ಎಷ್ಟು ಪೆನ್ಸಿಲ್ ಬೇಕು?

ಪ್ರಶ್ನೆ: ದೊಡ್ಡವರಿಗೆಂದೇ ಮಾಡಿದ ಬಣ್ಣ ತುಂಬುವ ಪುಸ್ತಕವೊಂದು ಉಡುಗೊರೆಯಾಗಿ ಬಂದಿದೆ. ಪುಟದ ತುಂಬ ಶರತ್ಕಾಲದ ಮೇಪಲ್ ಮತ್ತು ಓಕ್ ಎಲೆಗಳು, ಕುಂಬಳಕಾಯಿ, ಅಣಬೆ, ಅಳಿಲು. ಇದಕ್ಕೆ ಬಣ್ಣದ ಪೆನ್ಸಿಲ್ ಒಳ್ಳೆಯದೋ, ಮಾರ್ಕರ್ ಒಳ್ಳೆಯದೋ? 72 ಬಣ್ಣಗಳ ಪೆಟ್ಟಿಗೆಯನ್ನೇ ಕೊಳ್ಳಬೇಕೆ?

ಉತ್ತರ: ಪೆಟ್ಟಿಗೆಯ ಯೋಚನೆಯನ್ನು ಸದ್ಯ ಬದಿಗಿಟ್ಟು, ಪುಸ್ತಕದ ಒಂದು ಹಾಳೆಯನ್ನು ಎರಡು ಬೆರಳುಗಳ ನಡುವೆ ಹಿಡಿದು ನೋಡಿ. ಯಾವ ಸಾಮಗ್ರಿ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದನ್ನು ಬಹುಪಾಲು ಕಾಗದವೇ ತೀರ್ಮಾನಿಸುತ್ತದೆ. ಹಾಳೆ ಪ್ರಿಂಟರಿಗೆ ಹಾಕುವ 80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕದ ಲೆಕ್ಕ) ಕಾಗದದಷ್ಟೇ ತೆಳುವಾಗಿದ್ದು, ಎರಡೂ ಬದಿಗೆ ಚಿತ್ರವಿದ್ದರೆ ಆಲ್ಕೋಹಾಲ್ ಮಾರ್ಕರನ್ನು ಮರೆತುಬಿಡಿ. ಅದರ ಶಾಯಿ ಹಿಂಬದಿಯ ಚಿತ್ರವನ್ನು ಕೆಡಿಸಿ, ಮುಂದಿನ ಪುಟಕ್ಕೂ ಇಳಿಯುತ್ತದೆ. ನೀರಿನ ಶಾಯಿಯ ಸ್ಕೆಚ್ ಪೆನ್ ಅಷ್ಟು ಸೋರುವುದಿಲ್ಲ. ಆದರೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಉಜ್ಜಿದರೆ ಕಾಗದದ ಮೇಲ್ಪದರ ಸುಲಿದು ಬರುತ್ತದೆ. ಹಾಳೆ 120 ಜಿಎಸ್‌ಎಂಗಿಂತ ದಪ್ಪವಿದ್ದು ಒಂದೇ ಬದಿಗೆ ಮುದ್ರಿಸಿದ್ದರೆ ಆಯ್ಕೆ ಹೆಚ್ಚು. ಆಗಲೂ ಅಡಿಗೊಂದು ರಟ್ಟು ಇಟ್ಟುಕೊಳ್ಳುವುದು ಕ್ಷೇಮ.

ಹಾಳೆ ಎಂಥದ್ದೇ ಇರಲಿ, ಈ ಪುಸ್ತಕಕ್ಕೆ ನನ್ನ ಮತ ಬಣ್ಣದ ಪೆನ್ಸಿಲಿಗೆ. ಕಾರಣ ಎಲೆಯಲ್ಲೇ ಇದೆ. ಹಣ್ಣೆಲೆಯ ಹಳದಿ ಹೊಸದಾಗಿ ಹುಟ್ಟಿದ್ದಲ್ಲ. ಕೆರೋಟಿನಾಯ್ಡ್ ಎಂಬ ಆ ವರ್ಣದ್ರವ್ಯ ಬೇಸಿಗೆಯಿಡೀ ಎಲೆಯೊಳಗೇ ಇರುತ್ತದೆ, ಪತ್ರಹರಿತ್ತಿನ ಹಸಿರು ಅದನ್ನು ಮುಚ್ಚಿಟ್ಟಿರುತ್ತದೆ. ಹಗಲು ಕಿರಿದಾಗಿ ಚಳಿ ಏರಿದಂತೆ ಪತ್ರಹರಿತ್ತು ಒಡೆದುಹೋಗಿ ಹಳದಿ ಹೊರಬೀಳುತ್ತದೆ. ಮೇಪಲ್ ಎಲೆಯ ಕೆಂಪಿನ ಕಥೆ ಬೇರೆ: ಆಂಥೋಸಯನಿನ್ ಎಂಬ ಆ ಬಣ್ಣವನ್ನು ಎಲೆ ಆಗಷ್ಟೇ ತಯಾರಿಸುತ್ತದೆ, ಅದೂ ಬಿಸಿಲು ಚೆನ್ನಾಗಿ ಬಿದ್ದ ಕಡೆ ಹೆಚ್ಚಾಗಿ. ಹಾಗಾಗಿ ಒಂದೇ ಎಲೆಯಲ್ಲಿ ನರಗಳ ಪಕ್ಕ ಒಂದಿಷ್ಟು ಹಸಿರು, ನಡುವೆ ಹಳದಿ, ಅಂಚಿಗೆ ಕೆಂಪು ಕಾಣಿಸಬಹುದು. ಇಂಥದ್ದನ್ನು ತೋರಿಸಲು ಬಣ್ಣದ ಮೇಲೆ ಬಣ್ಣ ತೆಳುವಾಗಿ ಕೂರಬೇಕು. ಆ ಕೆಲಸ ಪೆನ್ಸಿಲಿಗೆ ಸಹಜವಾಗಿ ಬರುತ್ತದೆ. ಎಲೆಗಿಡೀ ಹಗುರವಾಗಿ ಹಳದಿ ಹಚ್ಚಿ, ಅದರ ಮೇಲೆ ಕಿತ್ತಳೆ, ಕೊನೆಗೆ ತುದಿಗಳಿಗೆ ಕೆಂಪು. ಮೊದಲ ಪದರದಲ್ಲೇ ಒತ್ತಿ ಉಜ್ಜಿದರೆ ಕಾಗದದ ಒರಟುತನ ಮುಚ್ಚಿಹೋಗಿ, ಮುಂದಿನ ಬಣ್ಣ ಹಿಡಿಯದೆ ಜಾರುತ್ತದೆ.

ಪೆನ್ಸಿಲಿನಲ್ಲೂ ಎರಡು ಜಾತಿ. ಪ್ರಿಸ್ಮಾಕಲರ್ ಪ್ರೀಮಿಯರ್‌ನಂಥ ಮೇಣದ ಪೆನ್ಸಿಲ್ ಮೆದು, ಬಣ್ಣಗಳು ಒಂದರೊಳಗೊಂದು ಸುಲಭವಾಗಿ ಬೆರೆಯುತ್ತವೆ. ಮೊನೆ ಮಾತ್ರ ಬೇಗ ಮುರಿಯುತ್ತದೆ. ಗಾಢ ಬಣ್ಣವನ್ನು ದಟ್ಟವಾಗಿ ಹಚ್ಚಿದ ಕಡೆ ಕೆಲವು ದಿನಗಳ ಬಳಿಕ ಬಿಳಿ ಮಬ್ಬು ಕಾಣಿಸಿದರೆ ಗಾಬರಿ ಬೇಡ, ಅದು ಮೇಲೆದ್ದ ಮೇಣ. ಮೆತ್ತನೆಯ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಹೋಗುತ್ತದೆ. ಫೇಬರ್ ಕಾಸ್ಟೆಲ್‌ನ ಪಾಲಿಕ್ರೋಮೋಸ್‌ನಂಥ ಎಣ್ಣೆ ಆಧಾರಿತ ಪೆನ್ಸಿಲ್ ತುಸು ಗಟ್ಟಿ, ಮೊನೆ ಹೆಚ್ಚು ಹೊತ್ತು ನಿಲ್ಲುತ್ತದೆ. ಕೂದಲೆಳೆಯಂಥ ಗೆರೆಗಳಿರುವ ಚಿತ್ರಕ್ಕೆ ನಾನು ಇದನ್ನೇ ಆರಿಸುತ್ತೇನೆ.

ಇನ್ನು ಆ 72. ದೊಡ್ಡ ಪೆಟ್ಟಿಗೆಯ ಎಷ್ಟೋ ನೀಲಿ, ಗುಲಾಬಿ, ತಿಳಿಹಸಿರು ಪೆನ್ಸಿಲ್‌ಗಳಿಗೆ ಈ ಪುಸ್ತಕದಲ್ಲಿ ಕೆಲಸವೇ ಇಲ್ಲ. ಕಲಾವಿದರ ದರ್ಜೆಯ ಪೆನ್ಸಿಲ್‌ಗಳನ್ನು ಬಿಡಿಯಾಗಿಯೂ ಮಾರುತ್ತಾರೆ. ನಿಂಬೆ ಹಳದಿ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಕಿತ್ತಳೆ, ಬರ್ಂಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು), ಕಡುಗೆಂಪು, ಆಲಿವ್ ಹಸಿರು, ಸೆಪಿಯಾ (ಕಡುಗಂದು), ಜೊತೆಗೊಂದು ಕಡುನೇರಳೆ: ಈ 8 ಸಾಕು. ನೇರಳೆ ಏಕೆಂದರೆ ನೆರಳಿಗೆ. ಹಳದಿಯ ಮೇಲೆ ನೇರಳೆ ತೆಳುವಾಗಿ ಬಿದ್ದರೆ ಎರಡೂ ಒಂದರ ತೀಕ್ಷ್ಣತೆಯನ್ನು ಇನ್ನೊಂದು ತಗ್ಗಿಸಿ ಕಂದಿಗೆ ತಿರುಗುತ್ತವೆ, ಮಡಿಸಿದ ಎಲೆಯ ಒಳಬದಿ ತಾನಾಗಿ ಹಿಂದಕ್ಕೆ ಸರಿಯುತ್ತದೆ. ಅಲ್ಲಿ ಕಪ್ಪು ಬಳಿದರೆ ಮಸಿ ಮೆತ್ತಿದಂತೆ ಕಾಣುತ್ತದೆ. ಕುಂಬಳಕಾಯಿಯ ಏಣುಗಳ ನಡುವಿನ ತಗ್ಗಿಗೂ ಇದೇ ಉಪಾಯ. ಕಿತ್ತಳೆಗೆ ನೇರಳೆಗಿಂತ ಕಡುನೀಲಿ ಇನ್ನೂ ಚೆನ್ನಾಗಿ ಹೊಂದುತ್ತದೆ, ಮನೆಯಲ್ಲಿ ಹಳೆಯದೊಂದು ಇದ್ದರೆ ಹುಡುಕಿ.

ಜಲವರ್ಣ ಪೆನ್ಸಿಲ್ ತೆಳು ಹಾಳೆಗೆ ಬೇಡ, ನೀರು ತಾಗಿದೊಡನೆ ಸುಕ್ಕುಗಟ್ಟುತ್ತದೆ. ಬಿಳಿ ಜೆಲ್ ಪೆನ್ ಒಂದಿದ್ದರೆ ಇಬ್ಬನಿಯ ಹೊಳಪಿಗೆ ಚುಕ್ಕೆ ಇಡಬಹುದು. ಅದನ್ನು ಎಲ್ಲ ಮುಗಿದ ಮೇಲೆ ಬಳಸಿ, ಮೇಣ ದಟ್ಟವಾಗಿ ಕೂತ ಕಡೆ ಶಾಯಿ ಸರಿಯಾಗಿ ಇಳಿಯುವುದಿಲ್ಲ. ಬಣ್ಣ ಮಾಸುವ ಚಿಂತೆ, ಚಿತ್ರವನ್ನು ಕತ್ತರಿಸಿ ಗೋಡೆಗೆ ತೂಗುಹಾಕುವವರಿಗೆ ಮಾತ್ರ. ಮುಚ್ಚಿದ ಪುಸ್ತಕದೊಳಕ್ಕೆ ಬೆಳಕು ಹೋಗುವುದಿಲ್ಲ.

ಉಳಿದ ಹಣದಲ್ಲಿ ಒಳ್ಳೆಯ ಶಾರ್ಪನರ್ ಕೊಳ್ಳಿ. ಮೊಂಡು ಬ್ಲೇಡ್ ಮೆದು ಪೆನ್ಸಿಲನ್ನು ತಿಂದುಹಾಕುತ್ತದೆ. ಹಳದಿ ಪೆನ್ಸಿಲಿನ ಮೊನೆಯನ್ನು ಪ್ರತಿ ಬಾರಿ ರದ್ದಿ ಕಾಗದಕ್ಕೆ ಉಜ್ಜಿ ಮುಂದುವರಿಯಿರಿ, ಕೆಂಪಿನ ಪುಡಿ ಅಂಟಿದ ಹಳದಿ ಮುಂದಿನ ಎಲೆಯ ಮೇಲೆ ಕೊಳಕು ಗೆರೆ ಎಳೆಯುತ್ತದೆ.