ಹಿಂಗಾಲಿನ ಉಗುರು ನೆಲಕ್ಕೆ ಉಜ್ಜುತ್ತಿದೆಯೇ?

ನಮ್ಮ ಮನೆಯ ಡ್ಯಾಶ್‌ಹಂಡ್ ನಾಯಿಗೆ ಆರು ವರ್ಷ. ಟೈಲ್ಸ್ ಮೇಲೆ ನಡೆದರೆ ಟಿಕ್ ಟಿಕ್ ಅಂತ ಉಗುರಿನ ಸದ್ದು. ಒಂದು ದಿನ ಆ ಸದ್ದಿನ ನಡುವೆ 'ಸರ್ರ್' ಅಂತ ಇನ್ನೊಂದು ಸೇರಿಕೊಂಡಿತು. ತೂಕ ಜಾಸ್ತಿಯಾಗಿದೆ, ಸೋಮಾರಿತನ ಅಂದುಕೊಂಡೆವು. ಹಿಂಗಾಲು ಎತ್ತಿ ನೋಡಿದರೆ ನಡುವಿನ ಎರಡು ಉಗುರುಗಳ ಮೇಲ್ಭಾಗ ಸವೆದಿತ್ತು.

ಕಾಲು ನೋಯುವ ನಾಯಿ ಸಾಮಾನ್ಯವಾಗಿ ಆ ಕಾಲಿನ ಮೇಲೆ ಭಾರ ಹಾಕದೆ ಕುಂಟುತ್ತದೆ. ಪಾದವನ್ನೇ ಮಡಚಿ ಎಳೆದರೆ ನರದ ಮೇಲೆ ಅನುಮಾನ ಬರಬೇಕು.

ವೈದ್ಯರು ಮಾಡಿದ್ದು ತೀರಾ ಸರಳ ಪರೀಕ್ಷೆ. ನಾಯಿಯನ್ನು ನಿಲ್ಲಿಸಿ, ಹೊಟ್ಟೆಯ ಕೆಳಗೆ ಕೈ ಆನಿಸಿ, ಪಾದವನ್ನು ಮಗುಚಿಟ್ಟರು. ಚೆನ್ನಾಗಿರುವ ನಾಯಿ ತಕ್ಷಣ ಪಾದ ಸರಿಮಾಡಿಕೊಳ್ಳುತ್ತದೆ. ನಮ್ಮದು ಏನೂ ಆಗಿಲ್ಲವೆಂಬಂತೆ ಹಾಗೇ ನಿಂತಿತ್ತು. ಪಾದ ಎಲ್ಲಿದೆ ಅಂತ ಅದರ ಮಿದುಳಿಗೆ ಗೊತ್ತೇ ಇರಲಿಲ್ಲ.

ಆ ಸುದ್ದಿ ಹೊರುವ ದಪ್ಪ ನರತಂತುಗಳು ಬೆನ್ನುಹುರಿಯ ಹೊರಭಾಗದಲ್ಲಿರುತ್ತವೆ. ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಜಾರಿ ಹುರಿಯನ್ನು ಒತ್ತಿದರೆ ಮೊದಲ ಪೆಟ್ಟು ಅವಕ್ಕೇ. ಒತ್ತಡ ಹೆಚ್ಚಿದಂತೆ ಕಾಲಾಡಿಸುವ ಶಕ್ತಿ, ಮೂತ್ರದ ಹಿಡಿತ ಹೋಗುತ್ತವೆ. ಬೆರಳನ್ನು ಬಲವಾಗಿ ಹಿಂಡಿದರೂ ನೋವು ತಿಳಿಯದ ಸ್ಥಿತಿ ಕೊನೆಯದು. ಅಲ್ಲಿಗೆ ಮುಟ್ಟಿದ ಮೇಲೆ ಶಸ್ತ್ರಚಿಕಿತ್ಸೆ ಮಾಡಿದರೂ ಮತ್ತೆ ನಡೆಯುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕರ್ಧ.

ಡ್ಯಾಶ್‌ಹಂಡ್‌ಗೆ ಈ ಕಾಟ ಹುಟ್ಟಿನಿಂದಲೇ ಬಂದದ್ದು. ಬಿಲಕ್ಕೆ ನುಗ್ಗಿ ಬೇಟೆಯಾಡಲೆಂದು ಜರ್ಮನಿಯಲ್ಲಿ ಬೆಳೆಸಿದ ತಳಿ ಅದು. ಗಿಡ್ಡ ಕಾಲಿಗೆ ಸಂಬಂಧಪಟ್ಟ ಎಫ್‌ಜಿಎಫ್‌4 ಜೀನಿನ ಹೆಚ್ಚುವರಿ ನಕಲೊಂದು ಡಿಸ್ಕ್ ಬೇಗ ಗಟ್ಟಿಯಾಗುವುದಕ್ಕೂ ಕಾರಣ ಎಂದು 2017ರಲ್ಲಿ ಗೊತ್ತಾಯಿತು. ನಾವು ಮುದ್ದು ಅನ್ನುವ ಆಕಾರಕ್ಕೆ ನಾಯಿ ಬೆನ್ನು ತೆರುತ್ತಿದೆ.

ಎಲ್ಲ ಲಕ್ಷಣವೂ ಇಷ್ಟು ಮೆಲ್ಲಗೆ ಬರುವುದಿಲ್ಲ. ಮುದಿ ನಾಯಿ ಬೆಳಗ್ಗೆ ಎದ್ದಾಗ ತಲೆ ಒಂದು ಕಡೆ ವಾಲಿ, ಕಣ್ಣುಗುಡ್ಡೆ ಅತ್ತಿತ್ತ ಓಡುತ್ತಾ, ನಿಂತಲ್ಲೇ ಉರುಳಿಬೀಳಬಹುದು. ಲಕ್ವ ಹೊಡೆಯಿತು ಅಂತ ಮನೆಯವರು ಆಸೆ ಬಿಡುತ್ತಾರೆ. ಎಷ್ಟೋ ಸಲ ಅದು ಒಳಗಿವಿಯ ಸಮತೋಲನದ ತೊಂದರೆ, ಎರಡು ಮೂರು ವಾರದಲ್ಲಿ ಬಹಳಷ್ಟು ಸುಧಾರಿಸುತ್ತದೆ. ಕಣ್ಣುಗುಡ್ಡೆ ಮೇಲೆ ಕೆಳಗೆ ಓಡುತ್ತಿದ್ದರೆ ಮಾತ್ರ ದೋಷ ಮಿದುಳಿನಲ್ಲೇ ಇರುವ ಅನುಮಾನ ಜಾಸ್ತಿ. ಗೋಡೆಗೆ ಹಣೆ ಒತ್ತಿ ನಿಲ್ಲುವ ನಾಯಿಯನ್ನೂ ಕಾಯಿಸಬಾರದು.

ಫಿಟ್ಸ್ ಬಂದಾಗ ನಮ್ಮಲ್ಲಿ ಮೊದಲು ಹುಡುಕುವುದು ಬೀಗದ ಕೈ, ಅಲ್ವಾ? ನಾಯಿಗೂ ಅದರಿಂದ ಪ್ರಯೋಜನವಿಲ್ಲ. ನಾಲಿಗೆ ನುಂಗುವುದೂ ಇಲ್ಲ, ಬಾಯಿಗೆ ಕೈ ಹಾಕಬೇಡಿ. ಗಡಿಯಾರ ನೋಡಿ. 5 ನಿಮಿಷ ದಾಟಿದರೆ ತುರ್ತು. ಲಸಿಕೆ ಹಾಕಿಸದ ಮರಿಗೆ ಜ್ವರ, ಭೇದಿ ವಾಸಿಯಾಗಿ ಕೆಲವು ವಾರದ ಮೇಲೆ ದವಡೆಯೋ ಕಾಲೋ ತಾಳ ಹಾಕಿದಂತೆ ಅದುರತೊಡಗಿದರೆ ಡಿಸ್ಟೆಂಪರ್ ಎಂಬ ವೈರಸ್ ರೋಗ ಇರಬಹುದು. ದವಡೆ ಜೋತು, ದನಿ ಬದಲಾಗಿ, ನೀರು ನುಂಗಲು ಕಷ್ಟಪಡುವ ನಾಯಿಯನ್ನು ಮುಟ್ಟಬೇಡಿ, ರೇಬೀಸ್ ಇರಬಹುದು. ಜೊಲ್ಲು ಗಾಯಕ್ಕೆ ತಗುಲಿದ್ದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡಿ.

ಇನ್ನೊಂದು ತಮಾಷೆ. ವೈದ್ಯರ ಅಂಗಳದಲ್ಲಿ ನಮ್ಮ ನಾಯಿ ಹೆದರಿಕೆಗೋ ಏನೋ ಠೀವಿಯಿಂದ ನಡೆಯಿತು. ನಾನು ಸುಮ್ನೆ ಗಾಬರಿಪಟ್ಟವನಂತೆ ಕಂಡೆ. ಮನೆಯಲ್ಲಿ ಹಿಂದಿನಿಂದ ತೆಗೆದ ಇಪ್ಪತ್ತು ಸೆಕೆಂಡಿನ ವಿಡಿಯೊ ತೋರಿಸಿದೆ. ಅವರು ಸದ್ದು ಜೋರು ಮಾಡಿ ಆ 'ಸರ್ರ್' ಅನ್ನು ಎರಡು ಸಲ ಕೇಳಿದರು. ಆಮೇಲೇ ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸಿದ್ದು.